ಫೋಟೋದಲ್ಲಿ ನೀವು ನೋಡುವ ‘ಸಿಲುಯೆಟ್’ ಅಸಲಿಗೆ ಒಂದು ಮನೆತನದ ಹೆಸರು! ಎಲ್ಲಿಂದ ಬಂತು, ಈಗ ಎಲ್ಲೆಲ್ಲಿದೆ?

ಸೂರ್ಯ ಮುಳುಗುವ ಹೊತ್ತು, ಸಮುದ್ರದ ದಂಡೆ, ಎದುರುಬದುರು ನಿಂತ ಜೋಡಿ. ಮುಖ ಕಾಣುವುದಿಲ್ಲ, ಕಪ್ಪು ಆಕೃತಿ ಮಾತ್ರ. ಮದುವೆ ಫೋಟೋಗ್ರಾಫರ್‌ಗಳಿಂದ ಹಿಡಿದು ಸಿನಿಮಾ ಛಾಯಾಗ್ರಾಹಕರವರೆಗೆ ಎಲ್ಲರೂ ಇದನ್ನು ‘ಸಿಲುಯೆಟ್’ ಎಂದೇ ಕರೆಯುತ್ತಾರೆ. ಕನ್ನಡದಲ್ಲಿ ‘ನೆರಳುಚಿತ್ರ’ ಎಂದರೂ ನಡೆಯುತ್ತದೆ. ಆದರೆ ಸೆಟ್‌ನಲ್ಲಿ ಯಾರೂ ಹಾಗೆ ಹೇಳುವುದಿಲ್ಲ.

ಈ ಪದಕ್ಕೂ ನೆರಳಿಗೂ ಹುಟ್ಟಿನಿಂದ ಯಾವ ಸಂಬಂಧವೂ ಇಲ್ಲ. ಇದೊಂದು ಅಡ್ಡಹೆಸರು. ಅದೂ ಫ್ರಾನ್ಸ್‌ನಲ್ಲಿ ಇವತ್ತು ಬಹಳ ಅಪರೂಪಕ್ಕೆ ಸಿಗುವ ಅಡ್ಡಹೆಸರು. ಜಗತ್ತಿನ ಹತ್ತಾರು ಭಾಷೆಗಳು ದಿನನಿತ್ಯ ಬಳಸುವ ಪದವೊಂದನ್ನು ತಮ್ಮ ಗುರುತಿನ ಚೀಟಿಯಲ್ಲಿ ಹೊತ್ತವರು ಮಾತ್ರ ವಿರಳ. ಇನ್ನೂ ವಿಚಿತ್ರವೆಂದರೆ, ಕೇಳಲು ಅಪ್ಪಟ ಫ್ರೆಂಚ್ ಅನಿಸುವ ಈ ಹೆಸರು ಮೂಲದಲ್ಲಿ ಫ್ರೆಂಚೇ ಅಲ್ಲ.

ಮೊದಲು ಮನೆಗೆ ಹೆಸರು, ಆಮೇಲೆ ಮನುಷ್ಯರಿಗೆ

ಫ್ರಾನ್ಸ್‌ನ ನೈಋತ್ಯ ತುದಿಯಲ್ಲಿ, ಸ್ಪೇನ್ ಗಡಿಗೆ ತಾಗಿಕೊಂಡು ಬಾಸ್ಕ್ ಜನರ ನಾಡಿದೆ. ಪಿರೆನೀಸ್ ಪರ್ವತದ ಎರಡೂ ಬದಿಗೆ ಹರಡಿಕೊಂಡಿರುವ ಈ ಜನರ ಭಾಷೆಗೆ ಫ್ರೆಂಚ್, ಸ್ಪ್ಯಾನಿಷ್ ಯಾವುದೂ ನೆಂಟರಲ್ಲ. ಇಂಡೋ-ಯುರೋಪಿಯನ್ ಭಾಷೆಗಳೆಲ್ಲ ಬಂದು ನೆಲೆಯೂರುವ ಮೊದಲೇ ಅಲ್ಲಿದ್ದ ಭಾಷೆ ಅದು. ಸಿಲುಯೆಟ್ ಮನೆತನದ ಬೇರು ಇರುವುದು ಇಲ್ಲೇ. ಈಗ ಸರ್ಫಿಂಗ್‌ಗೆ ಹೆಸರಾದ, ಆಗ ಮೀನುಗಾರರ ಊರಾಗಿದ್ದ ಬಿಯಾರಿಟ್ಸ್‌ನಲ್ಲಿ.

ಬಾಸ್ಕ್ ನಾಡಿನಲ್ಲಿ ಮನುಷ್ಯರ ಹೆಸರು ಮನೆಗೆ ಬರುತ್ತಿರಲಿಲ್ಲ, ಮನೆಯ ಹೆಸರು ಮನುಷ್ಯರಿಗೆ ಬರುತ್ತಿತ್ತು. ಪ್ರತಿ ಮನೆಗೂ ಒಂದು ಹೆಸರು. ಅದು ಆ ಮನೆ ನಿಂತ ಜಾಗದ ವರ್ಣನೆಯೇ ಆಗಿರುತ್ತಿತ್ತು: ಹೊಳೆದಂಡೆಯ ಮನೆ, ಓಕ್ ಮರದ ಹತ್ತಿರದ ಮನೆ, ಮೇಲಿನ ಮನೆ, ಕೆಳಗಿನ ಮನೆ. ಅಲ್ಲಿನ ಹಳೆಯ ಕಟ್ಟಳೆಯ ಪ್ರಕಾರ ಹಲವು ಕಡೆ ಹಿರಿಯ ಮಗುವಿಗೇ ಮನೆ. ಅದು ಗಂಡೋ ಹೆಣ್ಣೋ ಎಂಬ ಲೆಕ್ಕವಿರಲಿಲ್ಲ. ಮನೆಯ ಒಡತಿಯನ್ನು ಮದುವೆಯಾಗಿ ಬಂದ ಅಳಿಯನನ್ನು ಊರವರು ಆ ಮನೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಅವನ ಅಪ್ಪನ ಮನೆ ಹೆಸರು ಅಲ್ಲಿಗೇ ಉಳಿಯುತ್ತಿತ್ತು.

ಇದಕ್ಕೊಂದು ಉದಾಹರಣೆ ಮುಂಬೈ, ಗೋವಾ, ಮಂಗಳೂರಿನ ಓದುಗರಿಗೆ ಚೆನ್ನಾಗಿ ಗೊತ್ತು, ಗೊತ್ತಿದೆ ಎಂಬುದು ಗೊತ್ತಿರಲಿಕ್ಕಿಲ್ಲ ಅಷ್ಟೆ. 1542ರಲ್ಲಿ ಗೋವಾಕ್ಕೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹುಟ್ಟಿದ್ದು ಬಾಸ್ಕ್ ಜನರ ನವಾರಾ ಪ್ರಾಂತ್ಯದ ಕೋಟೆಯೊಂದರಲ್ಲಿ. ‘ಕ್ಸೇವಿಯರ್’ ಎಂಬುದು ಆ ಕೋಟೆಯ ಹೆಸರು. ಬಾಸ್ಕ್ ಭಾಷೆಯಲ್ಲಿ ‘ಎಚೆ’ ಎಂದರೆ ಮನೆ, ‘ಬೆರ್ರಿ’ ಎಂದರೆ ಹೊಸದು. ಎರಡೂ ಸೇರಿ ಸವೆದು ‘ಕ್ಸೇವಿಯರ್’ ಆಯಿತು. ಕನ್ನಡದಲ್ಲಿ ಹೇಳಿದರೆ ‘ಹೊಸಮನೆ’. ನಮ್ಮಲ್ಲೂ ಹೊಸಮನೆಯವರು ಎಷ್ಟಿಲ್ಲ!

ಸಿಲುಯೆಟ್ ಕೂಡ ಇದೇ ಜಾತಿಯ ಹೆಸರು. ಬಾಸ್ಕ್‌ನಲ್ಲಿ ‘ಸುಲೊ’ ಎಂದರೆ ಕುಳಿ, ಗುಂಡಿ, ಬಿಲ. ಫ್ರಾನ್ಸ್ ಬದಿಯ ಬಾಸ್ಕ್ ಜನರ ಬಾಯಲ್ಲಿ ಅದು ‘ಸಿಲೊ’. ಅದಕ್ಕೆ ‘ಎತಾ’ ಎಂಬ ಪ್ರತ್ಯಯ ಸೇರಿದರೆ ಅವು ಹೇರಳವಾಗಿರುವ ಜಾಗ ಎಂದರ್ಥ. ಅಂದರೆ ‘ಕುಳಿಗಳಿರುವ ಜಾಗ’, ಬಹುಶಃ ‘ಗವಿಗಳಿರುವ ಜಾಗ’. ಅಂಥ ಜಾಗದಲ್ಲಿದ್ದ ಮನೆ ‘ಸಿಲೊಎತಾ’. ಆ ಮನೆಯವರೂ ಅದೇ.

ಫ್ರೆಂಚ್ ಗುಮಾಸ್ತರ ಕಿವಿಗೆ ಇದು ಬೇರೆಯಾಗಿಯೇ ಕೇಳಿಸಿತು. ಸಿಗರೇಟ್ ಪದದ ಕೊನೆಯಲ್ಲಿರುವ ‘ಎಟ್’ ಇದೆಯಲ್ಲ, ಅದು ಫ್ರೆಂಚ್‌ನಲ್ಲಿ ‘ಚಿಕ್ಕದು’ ಎಂದು ಸೂಚಿಸುವ ಪ್ರತ್ಯಯ. ‘ಸಿಗಾರ್’ ದೊಡ್ಡದು, ‘ಸಿಗರೇಟ್’ ಪುಟ್ಟದು. ಬಾಸ್ಕ್‌ನ ‘ಎತಾ’ವನ್ನು ಅವರು ಅದೇ ‘ಎಟ್’ ಎಂದು ಬರೆದುಕೊಂಡರು. ಕುಳಿಗಳ ಊರಿನ ಹೆಸರು ಫ್ರೆಂಚ್ ಉಡುಪು ತೊಟ್ಟಿದ್ದು ಹೀಗೆ. ಇಂಗ್ಲಿಷ್‌ನಲ್ಲಿ ಈ ಪದ ಬರೆಯುವಾಗ ನಡುವೆ ಬರುವ, ಸ್ಪೆಲಿಂಗ್ ಪರೀಕ್ಷೆಗಳಲ್ಲಿ ಮಕ್ಕಳನ್ನು ಬೀಳಿಸುವ ‘ಎಚ್’ ಅಕ್ಷರವೂ ಬಾಸ್ಕ್ ಕಡೆಯಿಂದಲೇ ಬಂದಿರಬೇಕು. ಉತ್ತರದ ಬಾಸ್ಕ್‌ನಲ್ಲಿ ‘ಸಿಲೊ’ ಪದದ ‘ಲ’ಕಾರವನ್ನು ಉಸಿರು ಸೇರಿಸಿ ಉಚ್ಚರಿಸುವ ರೂಢಿಯಿತ್ತು, ಹಳೆಯ ಬರವಣಿಗೆಯಲ್ಲಿ ಅಲ್ಲೊಂದು ‘ಎಚ್’ ಇರುತ್ತಿತ್ತು.

ಎಂಟೂವರೆ ತಿಂಗಳ ಹಣಕಾಸು ಮಂತ್ರಿ

ಈ ಹೆಸರನ್ನು ನಿಘಂಟಿಗೆ ಸೇರಿಸಿದವನು ಎತಿಯೆನ್ ದ ಸಿಲುಯೆಟ್. ಬಿಯಾರಿಟ್ಸ್‌ನಿಂದ ಬಂದ ಅವನ ತಂದೆ ಆರ್ನೋ, ಫ್ರಾನ್ಸ್‌ನ ಮಧ್ಯಭಾಗದ ಲಿಮೋಜ್ ಪಟ್ಟಣದಲ್ಲಿ ತೆರಿಗೆ ಅಧಿಕಾರಿ. ಎತಿಯೆನ್ ಹುಟ್ಟಿದ್ದು ಅಲ್ಲೇ, 1709ರ ಜುಲೈ 5ರಂದು. ಹೆಸರಿನಲ್ಲಿರುವ ‘ದ’ ನೋಡಿ ರಾಜವಂಶದವನೇನೋ ಎಂದುಕೊಳ್ಳಬೇಕಿಲ್ಲ. ಬಾಸ್ಕ್ ಕಡೆ ಅದು ‘ಇಂಥ ಮನೆಯವನು’ ಎಂದು ಹೇಳುವ ರೀತಿ. ರೈತನ ಹೆಸರಿನಲ್ಲೂ ಅದು ಇರುತ್ತಿತ್ತು.

ಎತಿಯೆನ್ ಓದಿಕೊಂಡವನು. ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್‌ನ ಕೃತಿಗಳನ್ನು ಫ್ರೆಂಚ್‌ಗೆ ತಂದಿದ್ದ, ಚೀನಾದ ಆಡಳಿತದ ಬಗ್ಗೆ ಪುಸ್ತಕ ಬರೆದಿದ್ದ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ವ್ಯವಹಾರದ ಮೇಲೆ ಕಣ್ಣಿಡಲು ರಾಜನ ಪರವಾಗಿ ನೇಮಕಗೊಂಡ ಕಮಿಷನರ್‌ಗಳಲ್ಲಿ ಇವನೂ ಒಬ್ಬ. ಪಾಂಡಿಚೇರಿಯ ಗವರ್ನರ್ ಡೂಪ್ಲೆಯನ್ನು ಪ್ಯಾರಿಸ್ ವಾಪಸ್ ಕರೆಸಿಕೊಂಡ 1750ರ ದಶಕವದು.

1759ರ ಮಾರ್ಚ್ 4ರಂದು ಅವನಿಗೆ ಫ್ರಾನ್ಸ್‌ನ ಹಣಕಾಸು ಹೊಣೆ ಸಿಕ್ಕಿತು. ಹದಿನೈದನೇ ಲೂಯಿಯ ಆಪ್ತೆ ಮದಾಂ ದ ಪಾಂಪದೂರ್ ಬೆಂಬಲವೂ ಬೆನ್ನಿಗಿತ್ತು. ಆದರೆ ಖಜಾನೆ ಬರಿದಾಗಿತ್ತು. ಯುರೋಪ್, ಕೆನಡಾ, ಭಾರತ ಮೂರೂ ಕಡೆ ಬ್ರಿಟನ್ ಜತೆ ಏಳು ವರ್ಷಗಳ ಯುದ್ಧ ನಡೆಯುತ್ತಿತ್ತು. ಇಲ್ಲಿ ತಮಿಳುನಾಡಿನಲ್ಲಿ ಲಾಲಿಯ ಫ್ರೆಂಚ್ ಪಡೆ ಸಂಬಳ ಬಾಕಿಯೆಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ದಂಗೆ ಎದ್ದಿತು. ಮೂರು ತಿಂಗಳ ನಂತರ ವಂದವಾಸಿಯಲ್ಲಿ ಸೋತಿತು.

ಸಿಲುಯೆಟ್‌ನ ಮೊದಲ ಏಟು ಬಿದ್ದಿದ್ದು ತೆರಿಗೆ ವಸೂಲಿಯ ಗುತ್ತಿಗೆದಾರರ ಮೇಲೆ. ಆಗ ಫ್ರಾನ್ಸ್‌ನಲ್ಲಿ ತೆರಿಗೆ ಎತ್ತುವ ಕೆಲಸ ಖಾಸಗಿಯವರ ಕೈಯಲ್ಲಿತ್ತು, ಅವರು ಅದರಲ್ಲಿ ಕೊಬ್ಬಿದ್ದರು. ಅವರ ಲಾಭದ ಅರ್ಧವನ್ನು ತಲಾ 1,000 ಲಿವ್ರ್ ಬೆಲೆಯ 72,000 ಷೇರುಗಳಾಗಿ ಮಾಡಿ ಸಾರ್ವಜನಿಕರಿಗೆ ಮಾರಿದ. ಬೊಕ್ಕಸಕ್ಕೆ 7.2 ಕೋಟಿ ಲಿವ್ರ್ ಬಂತು. ಪ್ಯಾರಿಸ್ ಚಪ್ಪಾಳೆ ತಟ್ಟಿತು.

ಚಪ್ಪಾಳೆ ಬಹಳ ದಿನ ಉಳಿಯಲಿಲ್ಲ. ಮುಂದಿನ ಪಟ್ಟಿಯಲ್ಲಿ ಇದ್ದದ್ದು ಸಿರಿವಂತರು. ಆಳುಕಾಳು, ಗಾಡಿ, ಐಷಾರಾಮಿ ವಸ್ತುಗಳು, ಎಲ್ಲದರ ಮೇಲೂ ತೆರಿಗೆ ಹಾಕಲು ಹೊರಟ. ಇಷ್ಟು ದಿನ ತೆರಿಗೆಯ ಬಿಸಿಯೇ ತಾಗದಿದ್ದ ವರ್ಗ ತಿರುಗಿಬಿತ್ತು. ಅಕ್ಟೋಬರ್ ಹೊತ್ತಿಗೆ ಸರ್ಕಾರ ಹಲವು ಸಾಲಪತ್ರಗಳ ಪಾವತಿಯನ್ನೇ ನಿಲ್ಲಿಸಿತು. ಬೆಳ್ಳಿ ತಟ್ಟೆ ಲೋಟಗಳನ್ನು ಟಂಕಸಾಲೆಗೆ ಕೊಟ್ಟು ಕರಗಿಸಿ ಎಂದು ಕರೆ ಹೋಯಿತು. ರಾಜನೇ ತನ್ನ ಬೆಳ್ಳಿ ಸಾಮಾನು ಕಳಿಸಿದ. ಆ ನವೆಂಬರ್‌ನಲ್ಲೇ ಸಿಲುಯೆಟ್ ಮನೆಗೆ ಹೋದ. ಅಧಿಕಾರ ಸಿಕ್ಕಿ ಒಂಬತ್ತು ತಿಂಗಳೂ ತುಂಬಿರಲಿಲ್ಲ.

ಹೆಸರೇ ಗೇಲಿಯ ಮಾತಾಯಿತು

ಅಗ್ಗದ್ದು, ಅರೆಬರೆ ಆದದ್ದು, ಬಡಕಲು ಏನೇ ಕಂಡರೂ ಪ್ಯಾರಿಸ್ ಜನ ‘ಸಿಲುಯೆಟ್ ಶೈಲಿಯದ್ದು’ ಎನ್ನತೊಡಗಿದರು. ಜೇಬಿಲ್ಲದ ಚಡ್ಡಿ ‘ಸಿಲುಯೆಟ್’ ಆಯಿತು, ಹಾಕಿಕೊಳ್ಳಲು ದುಡ್ಡೇ ಇಲ್ಲದ ಮೇಲೆ ಜೇಬೇಕೆ ಎಂಬ ವ್ಯಂಗ್ಯ. ಬಣ್ಣದ ಭಾವಚಿತ್ರಕ್ಕೆ ಹಣವಿಲ್ಲದವರು ಮಾಡಿಸುತ್ತಿದ್ದ, ಕಪ್ಪು ಕಾಗದ ಕತ್ತರಿಸಿ ಅಂಟಿಸಿದ ಪಾರ್ಶ್ವಮುಖದ ಚಿತ್ರವೂ ಅದೇ ಗುಂಪಿಗೆ ಸೇರಿತು. ಅವನೇ ಹವ್ಯಾಸಕ್ಕೆ ಇಂಥ ಚಿತ್ರ ಬಿಡಿಸಿ ತನ್ನ ಬಂಗಲೆಯ ಗೋಡೆ ತುಂಬಿಸಿದ್ದ ಎಂಬ ಮಾತೂ ಇದೆ. ಅವನ ಅಧಿಕಾರ ನೆರಳಿನಂತೆ ಸುಳಿದು ಹೋದದ್ದಕ್ಕೇ ಈ ಹೆಸರು ಎನ್ನುವವರೂ ಇದ್ದಾರೆ. ಯಾವುದನ್ನು ನಂಬಿದರೂ ತಪ್ಪೇನಿಲ್ಲ, ಮೂರೂ ಅವನ ಕಾಲದ ಬಳಿಕ ಬೆಳೆದ ಕಥೆಗಳೊಂದಿಗೆ ಹೆಣೆದುಕೊಂಡಿವೆ. ಆದರೆ ‘ಅಗ್ಗದ್ದು’ ಎಂಬ ಅರ್ಥವೇ ಹೆಚ್ಚು ಗಟ್ಟಿ.

ಗೇಲಿ ಅಲ್ಲಿಗೇ ಸತ್ತಿದ್ದರೆ ಇವತ್ತು ಈ ಪದ ಯಾರಿಗೂ ಗೊತ್ತಿರುತ್ತಿರಲಿಲ್ಲ. 1770ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನ ಪಾದ್ರಿ ಲಾವಾಟರ್, ಮುಖದ ಗೆರೆ ನೋಡಿ ಗುಣ ಹೇಳಬಹುದು ಎಂದು ಪ್ರಚಾರ ಮಾಡಿ ಯುರೋಪಿನ ತುಂಬ ನೆರಳುಚಿತ್ರದ ಹುಚ್ಚು ಹಬ್ಬಿಸಿದ. ಅವನ ಶಾಸ್ತ್ರ ಸುಳ್ಳಾಯಿತು, ಹುಚ್ಚು ಉಳಿಯಿತು. ಇಂಗ್ಲೆಂಡ್‌ನಲ್ಲಿ ಇಂಥ ಚಿತ್ರಗಳಿಗೆ ‘ಶೇಡ್’ ಎಂಬ ಹೆಸರಿತ್ತು. 19ನೇ ಶತಮಾನದ ಆರಂಭದಲ್ಲಿ ಅಲ್ಲಿಗೆ ಹೋಗಿ ಕತ್ತರಿ ಹಿಡಿದ ಫ್ರೆಂಚ್ ಕಲಾವಿದ ಆಗಸ್ಟ್ ಎಡುವಾರ್ ಅದನ್ನು ‘ಸಿಲುಯೆಟ್’ ಎಂದು ಕರೆದು ಇಂಗ್ಲಿಷ್‌ಗೆ ಅಂಟಿಸಿದ. ಕನ್ನಡಕ್ಕೆ ಅದು ಬಂದದ್ದು ಇಂಗ್ಲಿಷ್ ಮೂಲಕವೇ.

ಮನೆತನದ ಹೆಸರು ಸಾಮಾನ್ಯ ನಾಮಪದವಾಗುವುದು ಫ್ರಾನ್ಸ್‌ಗೆ ಹೊಸದಲ್ಲ. ಪ್ಯಾರಿಸ್‌ನಲ್ಲಿ ಮನೆ ಮುಂದೆ ಕಸದ ಡಬ್ಬಿ ಕಡ್ಡಾಯ ಮಾಡಿದ ಅಧಿಕಾರಿ ಪೂಬೆಲ್ ಹೆಸರೇ ಇವತ್ತು ಫ್ರೆಂಚ್‌ನಲ್ಲಿ ಕಸದ ಡಬ್ಬಿಗೆ. ಅವನ ಆದೇಶ ಹೊರಟದ್ದು 1883ರಲ್ಲಿ. ಡಾಕ್ಟರ್ ಗಿಯೊತಾನ್ ಕಥೆ ಎಲ್ಲರಿಗೂ ಗೊತ್ತೇ ಇದೆ. ಇವರಿಗೆ ಹೋಲಿಸಿದರೆ ಸಿಲುಯೆಟ್ ಪುಣ್ಯವಂತ.

ಸಾಗರದ ನಡುವೆ ಒಂದು ದ್ವೀಪ

ಭೂಪಟದಲ್ಲೂ ಈ ಹೆಸರಿದೆ, ಅದೂ ನಮ್ಮದೇ ಸಮುದ್ರದಲ್ಲಿ. ಹಿಂದೂ ಮಹಾಸಾಗರದ ಸೇಷೆಲ್ಸ್ ದೇಶದ ಮೂರನೇ ದೊಡ್ಡ ಗ್ರಾನೈಟ್ ದ್ವೀಪ ‘ಸಿಲುಯೆಟ್’. ಸಂಜೆ ಹೊತ್ತಿಗೆ ಮುಖ್ಯ ದ್ವೀಪ ಮಾಹೆಯಿಂದ ನೋಡಿದರೆ ಕಪ್ಪು ಗುಡ್ಡದಂತೆ ಕಾಣುತ್ತದೆ, ಅದಕ್ಕೇ ಈ ಹೆಸರು ಎಂದು ಪ್ರವಾಸಿಗರು ಅಂದುಕೊಳ್ಳುವುದು ಸಹಜ. ಆದರೆ ಹೆಸರು ಮಂತ್ರಿಯದ್ದು. ಸೇಷೆಲ್ಸ್ ಎಂಬ ಹೆಸರೂ ಫ್ರಾನ್ಸ್‌ನ ಇನ್ನೊಬ್ಬ ಹಣಕಾಸು ಮಂತ್ರಿ ಮೊರೊ ದ ಸೆಷೆಲ್‌ನಿಂದ ಬಂದದ್ದು. ಮಾಹೆ ದ್ವೀಪಕ್ಕೆ ಹೆಸರು ಕೊಟ್ಟವನು ಮಾಹೆ ದ ಲಾ ಬುರ್ದೊನೆ, 1746ರಲ್ಲಿ ಬ್ರಿಟಿಷರಿಂದ ಮದ್ರಾಸ್ ಕಸಿದುಕೊಂಡ ಅದೇ ವ್ಯಕ್ತಿ.

ಅಟ್ಲಾಂಟಿಕ್ ದಾಟಿದ್ದು ಸೋದರ ಹೆಸರು

ಈಗ ಪ್ರಶ್ನೆ, ಈ ಹೆಸರಿನವರು ಇಂದು ಎಲ್ಲಿದ್ದಾರೆ? ಫ್ರಾನ್ಸ್‌ನಲ್ಲಿ ವಿರಳ. ಆದರೆ ಪರ್ವತದ ಆಚೆ ಬದಿಗೆ ಇದೇ ಹೆಸರಿನ ಸ್ಪ್ಯಾನಿಷ್ ರೂಪ ಇದೆ: ‘ಸುಲುಯೇತಾ’. ಅದೇ ‘ಸುಲೊ’, ಅದೇ ‘ಎತಾ’. ನವಾರಾದಲ್ಲಿ ಈ ಹೆಸರಿನ ಒಂದು ಹಳ್ಳಿಯೇ ಇದೆ. ವರ್ಣಚಿತ್ರಕಾರ ಇಗ್ನಾಸಿಯೊ ಸುಲೋಆಗಾ ಹೆಸರಿನಲ್ಲಿರುವುದೂ ಇದೇ ‘ಕುಳಿ’.

ಸುಲುಯೇತಾಗಳು ಸ್ಪೇನ್‌ನಲ್ಲಷ್ಟೇ ಅಲ್ಲ, ಕ್ಯೂಬಾ, ಮೆಕ್ಸಿಕೊ, ಫಿಲಿಪ್ಪೀನ್ಸ್, ಬ್ರಿಟನ್‌ಗಳಲ್ಲೂ ಸಿಗುತ್ತಾರೆ. ಹೆಸರು ಇಷ್ಟು ದೂರ ಹರಡಿದ್ದರ ಹಿಂದೆ ಹೇಳಿಕೊಳ್ಳುವಂಥ ಚರಿತ್ರೆಯೇನೂ ಇಲ್ಲ. 1814ರಲ್ಲಿ ಆಲಾವಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಹುಟ್ಟಿದ ಹುಲಿಯಾನ್ ದ ಸುಲುಯೇತಾ, ಕ್ಯೂಬಾಕ್ಕೆ ಹೋಗಿ ಸಕ್ಕರೆ ತೋಟಗಳ ದೊರೆಯಾದ. ಆ ತೋಟಗಳಲ್ಲಿ ಕಬ್ಬು ಕಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಗುಲಾಮರ ವ್ಯಾಪಾರ ಕಾನೂನುಬಾಹಿರವಾದ ಮೇಲೂ ಆ ದಂಧೆಯಲ್ಲಿದ್ದ ದೊಡ್ಡ ಕುಳ ಈತ. ಅವನಿಗೆ ಸ್ಪೇನ್ ಮಾರ್ಕ್ವಿಸ್ ಪದವಿ ಕೊಟ್ಟಿತು. ಕ್ಯೂಬಾದ ಒಂದು ಪಟ್ಟಣಕ್ಕೆ ಇಂದಿಗೂ ಸುಲುಯೇತಾ ಎಂದೇ ಹೆಸರು. ರಾಜಧಾನಿ ಹವಾನಾದ ಒಂದು ಬೀದಿಗೆ ಸರ್ಕಾರ ಬೇರೆ ಹೆಸರಿಟ್ಟು ಎಷ್ಟೋ ಕಾಲವಾದರೂ ಜನರ ಬಾಯಲ್ಲಿ ಅದು ಸುಲುಯೇತಾ ಬೀದಿಯೇ. ಬಿಡುಗಡೆಯಾದ ಗುಲಾಮರಿಗೆ ಒಡೆಯನ ಅಡ್ಡಹೆಸರೇ ಅಂಟಿಕೊಳ್ಳುವುದು ಕ್ಯೂಬಾದಲ್ಲಿ ಸಾಮಾನ್ಯವಾಗಿತ್ತು. ಹಾಗಾಗಿ ಅಲ್ಲಿ ಈ ಹೆಸರು ಹೊತ್ತವರೆಲ್ಲ ಬಾಸ್ಕ್ ರಕ್ತದವರೆಂದು ಹೇಳುವಂತಿಲ್ಲ.

ಇದೇ ಹೆಸರಿನ ಲಂಡನ್ ವ್ಯಾಪಾರಿ ಪೆದ್ರೊ ದ ಸುಲುಯೇತಾ ಮೇಲೆ 1843ರಲ್ಲಿ ಗುಲಾಮರ ವ್ಯಾಪಾರದ ಆರೋಪದಡಿ ಅಲ್ಲಿನ ಓಲ್ಡ್ ಬೇಲಿ ಕೋರ್ಟ್‌ನಲ್ಲಿ ವಿಚಾರಣೆ ನಡೆದು ಖುಲಾಸೆಯಾಯಿತು. ಮುಂದೆ ಬ್ರಿಟನ್‌ನ ಸುಲುಯೇತಾಗಳ ದಾರಿ ಬೇರೆಯೇ ಆಯಿತು. ಫ್ರಾನ್ಸಿಸ್ ದ ಸುಲುಯೇತಾ ಆಕ್ಸ್‌ಫರ್ಡ್‌ನಲ್ಲಿ ರೋಮನ್ ಕಾನೂನಿನ ಪ್ರಾಧ್ಯಾಪಕ. ಅವರ ಮಗ ಫಿಲಿಪ್, ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಅವರ ಖಾಸಗಿ ಕಾರ್ಯದರ್ಶಿ. ಸ್ಪೇನ್ ಗಣರಾಜ್ಯದ ವಿದೇಶಾಂಗ ಸಚಿವರಾಗಿದ್ದ ಲೂಯಿಸ್ ದ ಸುಲುಯೇತಾ ಅಂತರ್ಯುದ್ಧದ ಬಳಿಕ ಕೊಲಂಬಿಯಾದಲ್ಲಿ ಆಶ್ರಯ ಪಡೆದರು. ಫಿಲಿಪ್ಪೀನ್ಸ್‌ನಲ್ಲಿ ಹೊಸೆ ಸುಲುಯೇತಾ 1953ರಲ್ಲಿ ಸೆನೆಟ್ ಅಧ್ಯಕ್ಷರಾಗಿದ್ದರು. ಅಲ್ಲಿ 1849ರಲ್ಲಿ ಸ್ಪ್ಯಾನಿಷ್ ಗವರ್ನರ್ ಪಟ್ಟಿ ಹಿಡಿದು ಜನರಿಗೆ ಅಡ್ಡಹೆಸರು ಹಂಚಿದ್ದ. ಆದ್ದರಿಂದ ಅಲ್ಲೂ ಹೆಸರು ನೋಡಿ ರಕ್ತಸಂಬಂಧ ಊಹಿಸುವುದು ಅಪಾಯ.

ಬಿಯಾರಿಟ್ಸ್‌ನ ಸಿಲುಯೆಟ್‌ಗಳೂ ಆಲಾವಾದ ಸುಲುಯೇತಾಗಳೂ ದಾಯಾದಿಗಳೇ ಆಗಿರಬೇಕೆಂದಿಲ್ಲ. ಕುಳಿಗಳಿರುವ ಜಾಗ ಬಾಸ್ಕ್ ನಾಡಿನಲ್ಲಿ ಒಂದೇ ಇರಲು ಸಾಧ್ಯವೇ? ಎಲ್ಲೆಲ್ಲಿ ಕುಳಿ ಇತ್ತೋ ಅಲ್ಲೆಲ್ಲ ಹೆಸರು ಬೇರೆ ಬೇರೆಯಾಗಿ ಹುಟ್ಟಿರಬಹುದು. ಎಲ್ಲ ಹೊಸಮನೆಯವರೂ ಒಂದೇ ಮನೆಯವರಲ್ಲವಲ್ಲ, ಹಾಗೆ.

ಫ್ರಾನ್ಸ್‌ನಲ್ಲಿ ಅಪರೂಪದ ಹೆಸರು ಕರಗುವುದೇಕೆ?

ಒಂದು ಕಾರಣ ಬರೀ ಲೆಕ್ಕಾಚಾರ. ಹೆಸರು ಅಪ್ಪನಿಂದ ಮಕ್ಕಳಿಗೆ ಮಾತ್ರ ಹೋಗುವಲ್ಲಿ, ಒಂದು ತಲೆಮಾರಿನಲ್ಲಿ ಗಂಡುಮಕ್ಕಳಿಲ್ಲದಿದ್ದರೆ ಆ ಕವಲು ಮುಗಿಯಿತು. ದೊಡ್ಡ ಮನೆತನಗಳು ಇದನ್ನು ತಾಳಿಕೊಳ್ಳುತ್ತವೆ. ನಾಲ್ಕಾರು ಮನೆಗಳಷ್ಟೇ ಇರುವ ಹೆಸರು ತಾಳುವುದಿಲ್ಲ. ಈ ಗಣಿತವನ್ನು ಫ್ರಾನ್ಸ್‌ನ ಬಿಯೆನೆಮೆ 1845ರಲ್ಲೇ ಬಿಡಿಸಿದ್ದರು. 1870ರ ದಶಕದಲ್ಲಿ ಇಂಗ್ಲೆಂಡ್‌ನ ಗಾಲ್ಟನ್ ಮತ್ತು ವಾಟ್ಸನ್ ಅದೇ ಸಮಸ್ಯೆಗೆ ಕೈಹಾಕಿದ ಮೇಲೆ ಅದು ಅವರ ಹೆಸರಿನಲ್ಲೇ ಪ್ರಸಿದ್ಧವಾಯಿತು.

ಇನ್ನೊಂದು ಕಾರಣ ಕಾನೂನು. 1539ರಲ್ಲಿ ಚರ್ಚ್‌ಗಳು ಜನನದ ದಾಖಲೆ ಇಡಬೇಕೆಂಬ ರಾಜಾಜ್ಞೆ ಬಂದಾಗಿನಿಂದ ಹೆಸರುಗಳು ಕಾಗದದ ಮೇಲೆ ಗಟ್ಟಿಯಾಗುತ್ತ ಹೋದವು. ಕ್ರಾಂತಿಯ ನಂತರ, 1794ರಲ್ಲಿ, ಜನನ ಪ್ರಮಾಣಪತ್ರದಲ್ಲಿ ಇರುವ ಹೆಸರು ಬಿಟ್ಟು ಬೇರೆ ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನಾಯಿತು. ಬಾಸ್ಕ್ ಅಳಿಯ ಮನೆಯ ಹೆಸರು ಪಡೆಯುವ ರೂಢಿಗೆ ಕಾಗದದ ಮೇಲೆ ಅಲ್ಲಿಗೆ ತೆರೆ ಬಿತ್ತು. ಹೆಣ್ಣುಮಕ್ಕಳ ಮೂಲಕವೂ ಬದುಕುತ್ತಿದ್ದ ಹೆಸರುಗಳು ಇನ್ನು ಗಂಡುಮಕ್ಕಳನ್ನೇ ನೆಚ್ಚಬೇಕಾಯಿತು. ಅದೇ 1794ರ ಕಾನೂನಿನಿಂದಾಗಿ ಫ್ರಾನ್ಸ್‌ನಲ್ಲಿ ಮದುವೆಯಾದ ಹೆಣ್ಣಿನ ಅಧಿಕೃತ ಹೆಸರು ಇಂದಿಗೂ ತವರಿನದ್ದೇ, ಗಂಡನದ್ದು ಬಳಕೆಗಷ್ಟೆ. ಆದರೆ ಅದು ಮಕ್ಕಳಿಗೆ ಹೋಗುತ್ತಿರಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಎಷ್ಟೋ ಮನೆಗಳ ಕೊನೆಯ ಗಂಡುಮಕ್ಕಳು ಸತ್ತರು. ದೇಶಕ್ಕಾಗಿ ಮಡಿದವರ ಹೆಸರು ಅಳಿಯದಂತೆ ಹತ್ತಿರದ ಬಂಧುಗಳು ಅದನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳಲು 1923ರಲ್ಲಿ ಅವಕಾಶ ಕೊಡಲಾಯಿತು. ಹೆಸರು ನಶಿಸುವುದನ್ನು ತಪ್ಪಿಸಲು ನಾಲ್ಕನೇ ಹಂತದವರೆಗಿನ ಬಂಧುಗಳ ಹೆಸರನ್ನು ಕೇಳಿ ಪಡೆಯಲು ಈಗಿನ ಸಿವಿಲ್ ಸಂಹಿತೆಯಲ್ಲೂ ದಾರಿ ಇದೆ. 2005ರಿಂದ ಮಗುವಿಗೆ ತಾಯಿಯ ಅಡ್ಡಹೆಸರು ಕೊಡಬಹುದು. 2022ರ ಜುಲೈನಿಂದ ವಯಸ್ಕರು ಜೀವಮಾನದಲ್ಲಿ ಒಮ್ಮೆ, ಕಾರಣ ಹೇಳದೆ, ಅಪ್ಪನ ಬದಲು ಅಮ್ಮನ ಅಡ್ಡಹೆಸರಿಗೆ ಬದಲಾಗಬಹುದು. ಪುರಸಭೆ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಾಕು.

ಯಾವ ಹೆಸರು ಎಲ್ಲಿ ಎಷ್ಟಿದೆ ಎಂದು ನೋಡಲು ಫ್ರಾನ್ಸ್‌ನ ಅಂಕಿಅಂಶ ಸಂಸ್ಥೆಯ ಕಡತವಿದೆ. 1891ರಿಂದ 1990ರವರೆಗಿನ ಜನನಗಳನ್ನು 25 ವರ್ಷಗಳ ನಾಲ್ಕು ಕಂತುಗಳಲ್ಲಿ, ಜಿಲ್ಲಾವಾರು ವಿಂಗಡಿಸಿದ ಪಟ್ಟಿಗಳು ವಂಶಾವಳಿ ಹುಡುಕುವವರ ಮೊದಲ ಮೆಟ್ಟಿಲು. ತೀರಾ ಕಡಿಮೆ ಸಂಖ್ಯೆಯ ಹೆಸರುಗಳನ್ನು ಸಂಸ್ಥೆ ಬಿಡಿಯಾಗಿ ತೋರಿಸುವುದಿಲ್ಲ, ‘ಇತರ ಹೆಸರುಗಳು’ ಎಂಬ ಒಂದೇ ಸಾಲಿಗೆ ಸೇರಿಸಿಬಿಡುತ್ತದೆ.

ಬ್ರಿ ಎಂಬ ಊರು

ಕೆಲಸ ಕಳೆದುಕೊಂಡ ಎತಿಯೆನ್ ಪ್ಯಾರಿಸ್‌ನ ಪೂರ್ವಕ್ಕೆ, ಮಾರ್ನ್ ನದಿಯ ದಂಡೆಯ ಬ್ರಿ ಎಂಬ ಊರಿನ ತನ್ನ ಬಂಗಲೆ ಸೇರಿದ. 1767ರ ಜನವರಿ 20ರಂದು ಅಲ್ಲೇ ತೀರಿಕೊಂಡ. ಆಗ ಅವನಿಗೆ 57 ವರ್ಷ.

ಸುಮಾರು ಮುಕ್ಕಾಲು ಶತಮಾನದ ಬಳಿಕ ಅದೇ ಬ್ರಿಗೆ ಇನ್ನೊಬ್ಬ ಬಂದು ನೆಲೆಸಿದ, 1851ರಲ್ಲಿ ಅಲ್ಲೇ ಸತ್ತ. ಲೂಯಿ ಡಗೇರ್. 1839ರಲ್ಲಿ ಅವನು ಜಗತ್ತಿಗೆ ತೋರಿಸಿದ ಫೋಟೋ ತೆಗೆಯುವ ವಿಧಾನವೇ ಕಪ್ಪು ಕಾಗದ ಕತ್ತರಿಸಿ ಹೊಟ್ಟೆ ಹೊರೆಯುತ್ತಿದ್ದವರ ಕಸುಬನ್ನು ಮುಗಿಸಿದ್ದು. ಡಗೇರ್ ಎಂಬುದೂ ಬಾಸ್ಕ್ ಮೂಲದ ಮನೆಹೆಸರು. ‘ಅಗೆರ್ರೆ’ ಎಂದರೆ ಆ ಭಾಷೆಯಲ್ಲಿ ಬಯಲಿಗೆ ಎದ್ದು ಕಾಣುವ ಜಾಗ.